ಹುಬ್ಬಳ್ಳಿ-ಧಾರವಾಡ ಜಿಐಎಸ್ ಅಧ್ಯಯನ: ಹೊಲ ಊರಿಗಿಂತ ಬಿಸಿ, ಉಣಕಲ್ ಕೆರೆ ಹಸಿರು. ಈ ನಕ್ಷೆಯನ್ನು ಹೇಗೆ ಓದಬೇಕು?

ಪ್ರಶ್ನೆ: ಭೂಗೋಳದ_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಭೂಗೋಳ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಜಿಐಎಸ್ (ಸ್ಥಳದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಯಾಗಿ ಜೋಡಿಸುವ ತಂತ್ರ) ಬಳಸಿ ಹುಬ್ಬಳ್ಳಿ-ಧಾರವಾಡ ಎಷ್ಟು ಸುಸ್ಥಿರ ನಗರ ಎಂದು ಅಳೆಯುವುದು ನನ್ನ ಪ್ರಬಂಧದ ವಿಷಯ. ಪ್ರತಿ ವಾರ್ಡಿಗೆ ಒಂದು ಅಂಕ ಕೊಟ್ಟು, ಕೆಂಪಿನಿಂದ ಹಸಿರಿನವರೆಗೆ ಬಣ್ಣ ಹಚ್ಚಿ, ರ‍್ಯಾಂಕಿಂಗ್ ಮಾಡಬೇಕು ಎಂದು ಗೈಡ್ ಹೇಳಿದ್ದಾರೆ.

ಇಲ್ಲಿಯವರೆಗೆ ಆಗಿರುವ ಕೆಲಸ ಇಷ್ಟು. ಹಸಿರಿಗೆ ಸೆಂಟಿನೆಲ್-2 ಉಪಗ್ರಹದ ಚಿತ್ರದಿಂದ ಎನ್‌ಡಿವಿಐ (ಎಲೆಯ ಹಸಿರನ್ನು ಅಳೆಯುವ ಸೂಚ್ಯಂಕ) ತೆಗೆದೆ. ನೆಲದ ತಾಪಮಾನಕ್ಕೆ ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಏಪ್ರಿಲ್ ಚಿತ್ರ, ಕಟ್ಟಡ ಆವರಿಸಿದ ಜಾಗಕ್ಕೆ ಎನ್‌ಡಿಬಿಐ ಎಂಬ ಸೂಚ್ಯಂಕ. ಬಸ್ ಸ್ಟಾಪು ಮತ್ತು ಚಿಗರಿ (ಅವಳಿ ನಗರದ ಬಿಆರ್‌ಟಿಎಸ್, ಅಂದರೆ ಪ್ರತ್ಯೇಕ ಪಥದ ತ್ವರಿತ ಬಸ್ಸು) ನಿಲ್ದಾಣಗಳ ಸುತ್ತ 500 ಮೀಟರ್ ಬಫರ್, ಅಂದರೆ ವೃತ್ತ, ಹಾಕಿದೆ. ತಲಾ ಎಷ್ಟು ಚದರ ಮೀಟರ್ ಉದ್ಯಾನ ಎಂಬ ಲೆಕ್ಕವನ್ನೂ ಸೇರಿಸಿದೆ. ಎಲ್ಲವನ್ನೂ 0ಯಿಂದ 1ರ ನಡುವಿಗೆ ತಂದು, ಎಎಚ್‌ಪಿ ವಿಧಾನದಲ್ಲಿ (ಅಂಶಗಳನ್ನು ಎರಡೆರಡಾಗಿ ಹೋಲಿಸಿ ಯಾವುದು ಹೆಚ್ಚು ಮುಖ್ಯ ಎಂದು ನಿರ್ಧರಿಸುವುದು) ತೂಕ ಕೊಟ್ಟು ಕೂಡಿಸಿದೆ. ಕೆಲಸವೆಲ್ಲ ಕ್ಯೂಜಿಐಎಸ್ ತಂತ್ರಾಂಶದಲ್ಲೇ.

ಬಂದ ಫಲಿತಾಂಶ ನನಗೇ ನಂಬಲು ಆಗುತ್ತಿಲ್ಲ. ಹುಬ್ಬಳ್ಳಿಯ ಪೂರ್ವಕ್ಕಿರುವ ಹೊಲಗಳು ಪೇಟೆಗಿಂತ ಹೆಚ್ಚು ಬಿಸಿ ಎಂದು ತಾಪಮಾನದ ನಕ್ಷೆ ಹೇಳುತ್ತಿದೆ. ಕಾಂಕ್ರೀಟಿನ ಊರೇ ಹೆಚ್ಚು ಬಿಸಿ ಎಂದಲ್ಲವೇ ಎಲ್ಲ ಪುಸ್ತಕಗಳಲ್ಲಿ ಓದಿದ್ದು? ಉಣಕಲ್ ಕೆರೆಯ ಒಂದು ಭಾಗ ಗಾಢ ಹಸಿರಾಗಿ ಬಂದು, ಅಲ್ಲಿಯ ವಾರ್ಡಿಗೆ ಅಂಕ ಏರಿದೆ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಇರುವ ವಾರ್ಡುಗಳು ಎಲ್ಲಕ್ಕಿಂತ ಮೇಲೆ ನಿಂತಿವೆ. ದುರ್ಗದಬೈಲ್ ಸುತ್ತಲಿನ ಹಳೆಯ ಓಣಿಗಳು ಎಲ್ಲಕ್ಕಿಂತ ಕೆಳಗೆ. ನಮ್ಮ ಮನೆ ಇರುವುದು ಆ ಓಣಿಗಳಲ್ಲೇ. ಕಾಯಿಪಲ್ಲೆ, ಔಷಧ, ಶಾಲೆ, ದವಾಖಾನೆ, ಯಾವುದಕ್ಕೂ ನಾವು ಗಾಡಿ ತೆಗೆಯುವುದಿಲ್ಲ, ನಡೆದೇ ಹೋಗುತ್ತೇವೆ. ಅಂಥ ಕಡೆಯನ್ನು ಊರಿನ ಅತಿ ಕಡಿಮೆ ಸುಸ್ಥಿರ ಜಾಗ ಎಂದು ಬರೆದು ಸಹಿ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು ತೊಡಕು. 2011ರ ಜನಗಣತಿಯಲ್ಲಿ 67 ವಾರ್ಡುಗಳು, ಈಗ ಪಾಲಿಕೆಯಲ್ಲಿ 82. ಜನಸಂಖ್ಯೆ ಹಳೆಯ ಗಡಿಯಲ್ಲಿದೆ, ಉಳಿದದ್ದು ಹೊಸ ಗಡಿಯಲ್ಲಿ.

ತೂಕ ಬದಲಿಸಿದರೆ ಸರಿಹೋಗುತ್ತದೆಯೋ, ಬುಡದಲ್ಲೇ ಬೇರೆ ದಾರಿ ಹಿಡಿಯಬೇಕೋ? ಈ ಕೆಲಸದಲ್ಲಿ ಪಳಗಿದವರು ದಯವಿಟ್ಟು ಹೇಳಿ.

ಉತ್ತರ: ಸರಪಳಿ_ಸರ್ವೆ

ತಂಗಿ, ನನ್ನ ಮಗಳೂ ನಿನ್ನದೇ ಓದು ಓದಿದವಳು, ಹಾಗಾಗಿ ಏಕವಚನದಲ್ಲೇ ಬರೀತೀನಿ. ಸರಪಳಿ ಎಳೆದು, ಆಮೇಲೆ ಟೋಟಲ್ ಸ್ಟೇಷನ್ ಹೊತ್ತು ಈ ಅವಳಿ ನಗರದ ಲೇಔಟುಗಳನ್ನ ಅಳೆದವನು ನಾನು. ಈಗ ಅದೇ ಕೆಲಸ ಕಂಪ್ಯೂಟರಿನ ಮುಂದೆ ಕೂತು ಮಾಡ್ತೀನಿ. ನಿನ್ನ ಪ್ರಶ್ನೆ ಓದಿ ಭಾಳ ಸಂತೋಷ ಆಯಿತು. ನಕ್ಷೆ ಹೇಳಿದ್ದನ್ನ ನಿನ್ನ ಓಣಿ ಒಪ್ಪಲಿಲ್ಲ ಅಂತ ನಿಂತು ಕೇಳಿದೀಯಲ್ಲ, ಈ ಕೆಲಸಕ್ಕೆ ಬೇಕಾದ ಗುಣ ಅದೇ.

ಮೊದಲು ಬಿಸಿಯ ಮಾತು. ನಿನ್ನ ತಾಪಮಾನದ ನಕ್ಷೆ ಸರಿಯಾಗೇ ಇದೆ. ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾದುಹೋಗೋದು ಬೆಳಗ್ಗೆ ಹತ್ತೂವರೆ ಆಸುಪಾಸಿಗೆ. ಅದು ಅಳೆಯೋದು ನೆಲದ ಮೇಲ್ಮೈಯ ಬಿಸಿಯನ್ನ, ನಾವು ಉಸಿರಾಡೋ ಗಾಳಿಯ ಬಿಸಿಯನ್ನ ಅಲ್ಲ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಏನು ಕಾಣ್ತದೆ? ಹಿಂಗಾರಿ ಜೋಳ, ಕಡಲೆ ಕೊಯ್ದು ಮುಗಿದಿರ್ತದೆ. ಬರೀ ಎರೆಭೂಮಿ, ಬಿರುಕು ಬಿಟ್ಟ ಕಪ್ಪು ಮಣ್ಣು, ಒಂದು ಹನಿ ತೇವ ಇಲ್ಲ. ಬಿಸಿಲು ಬಿದ್ದ ಎರಡು ತಾಸಿಗೆ ಆ ಮಣ್ಣು ಕಾದು ನಿಲ್ತದೆ. ಪೇಟೆಯ ಕಲ್ಲು, ಕಾಂಕ್ರೀಟು ನಿಧಾನಕ್ಕೆ ಕಾಯ್ತವೆ, ಗೋಡೆಗಳ ನೆರಳು ಓಣಿಯ ಮೇಲೆ ಬಿದ್ದಿರ್ತದೆ, ಅಲ್ಲಲ್ಲಿ ಬೇವಿನ ಮರ ಇರ್ತವೆ. ಹಾಗಾಗಿ ಬೆಳಗಿನ ಹೊತ್ತು ಊರು ಹೊಲಕ್ಕಿಂತ ತಂಪಾಗಿ ಕಾಣ್ತದೆ. ರಾತ್ರಿ ಇದು ತಿರುಗುಮುರುಗು. ಹೊಲ ಬೇಗ ಆರ್ತದೆ, ಪೇಟೆ ಹಗಲು ಹೀರಿದ ಬಿಸಿಯನ್ನ ಬಿಡ್ತಾ ಕೂರ್ತದೆ. ಒಣಪ್ರದೇಶದ ಊರುಗಳಲ್ಲಿ ಇದು ಸಾಮಾನ್ಯ. ನೀನು ಓದಿದ ಪುಸ್ತಕಗಳು ಸುತ್ತಲೂ ಕಾಡು, ಹುಲ್ಲುಗಾವಲು ಇರೋ ಊರುಗಳನ್ನ ಮನಸ್ಸಲ್ಲಿಟ್ಟುಕೊಂಡು ಬರೆದವು ಇರಬೇಕು.

ಹಾಗಾದರೆ ಏನು ಮಾಡಬೇಕು? ಊರಿಗೂ ಹೊಲಕ್ಕೂ ಹೋಲಿಸೋದು ಬಿಡು, ಊರಿನೊಳಗೇ ಹೋಲಿಸು. ಅದರಲ್ಲೂ ಧಾರವಾಡವನ್ನೂ ಹುಬ್ಬಳ್ಳಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಧಾರವಾಡ ಎತ್ತರದಲ್ಲಿದೆ, ಪಶ್ಚಿಮಕ್ಕೆ ಮಲೆನಾಡಿನ ಸೆರಗು ಹತ್ತಿರ, ಕೆಂಪು ಮಣ್ಣು, ಮರ ಜಾಸ್ತಿ. ಹುಬ್ಬಳ್ಳಿ ಬಯಲಿಗೆ ಒಡ್ಡಿಕೊಂಡಿದೆ. ಈ ವ್ಯತ್ಯಾಸ ನಿಸರ್ಗದ್ದು, ಅದಕ್ಕೆ ವಾರ್ಡಿನ ಅಂಕ ಕೂಡಿಸೋದು ಕಳೆಯೋದು ನ್ಯಾಯ ಅಲ್ಲ. ರಾತ್ರಿಯ ಬಿಸಿ ಬೇಕು ಅಂದರೆ ಮೋಡಿಸ್ ಅನ್ನೋ ಉಪಗ್ರಹ ಉಪಕರಣದ ಚಿತ್ರ ಇದೆ, ಆದರೆ ಅದರ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, 1 ಕಿಲೋಮೀಟರಿನದು, ಓಣಿ ಮಟ್ಟಕ್ಕೆ ಬರೋದಿಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕೂಡಿಸಿದ ಇಕೋಸ್ಟ್ರೆಸ್ ಉಪಕರಣದ ಚಿತ್ರಗಳಿಗೆ ಪಿಕ್ಸೆಲ್ ಸುಮಾರು 70 ಮೀಟರು, ಬೇರೆಬೇರೆ ಹೊತ್ತಿನಲ್ಲಿ ತೆಗೆದವು ಸಿಗ್ತವೆ. ಬೇಸಿಗೆಯ ರಾತ್ರಿಯದ್ದೊಂದು ಮೋಡವಿಲ್ಲದ ಚಿತ್ರ ಹುಡುಕು. ವಯಸ್ಸಾದವರಿಗೆ, ತಗಡಿನ ಸೂರಿನ ಮನೆಗಳಿಗೆ ತ್ರಾಸು ಕೊಡೋದು ಆ ರಾತ್ರಿಯ ಬಿಸಿ.

ಎನ್‌ಡಿಬಿಐಗೂ ಇದೇ ಕಾಯಿಲೆ. ಒಣಗಿದ ಬೋಳು ಮಣ್ಣು ಮತ್ತು ಕಟ್ಟಡ ಅದಕ್ಕೆ ಹೆಚ್ಚುಕಡಿಮೆ ಒಂದೇ ಥರ ಕಾಣ್ತವೆ. ಏಪ್ರಿಲ್ ಚಿತ್ರ ಹಾಕಿದರೆ ಅರ್ಧ ಹುಬ್ಬಳ್ಳಿ ತಾಲೂಕೇ ಕಟ್ಟಡ ಆಗಿಬಿಡ್ತದೆ. ಮಳೆಗಾಲ ಕಳೆದು ಮೋಡ ಸರಿದ ಮೇಲೆ, ಹೊಲದಲ್ಲಿ ಹತ್ತಿಯೋ ಜೋಳವೋ ಹಸಿರಾಗಿ ನಿಂತಿರುವಾಗಿನ ಚಿತ್ರ ತಗೋ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಒಳ್ಳೇದು ಸಿಗ್ತದೆ. ಆಗ ಹೊಲ ಹಸಿರು, ಕಟ್ಟಡ ಬೂದು, ಎರಡೂ ಬೇರ್ಪಡ್ತವೆ. ಎರಡು ವರ್ಷ ಹೋಲಿಸೋದಾದರೆ ಎರಡೂ ಅದೇ ತಿಂಗಳದ್ದಾಗಿರಲಿ.

ಉಣಕಲ್ ಕೆರೆ ಹಸಿರಾದದ್ದು ಅಂತರಗಂಗೆಯಿಂದ. ಎನ್‌ಡಿವಿಐಗೆ ಎಲೆ ಕಂಡರೆ ಸಾಕು, ಅದು ಆಲದ ಮರವೋ ಕೊಳಚೆ ನೀರು ಕುಡಿದು ಕೊಬ್ಬಿದ ಕಳೆಯೋ ಅದಕ್ಕೆ ಗೊತ್ತಾಗೋದಿಲ್ಲ. ಚರಂಡಿಯಿಂದ ಬರೋ ಸಾರಜನಕ, ರಂಜಕ ಉಂಡು ಬೆಳೆಯೋ ಗಿಡ ಅದು. ಅಂದರೆ ಕೆರೆ ಹೆಚ್ಚು ಕೆಟ್ಟಷ್ಟೂ ನಿನ್ನ ಸೂಚ್ಯಂಕದಲ್ಲಿ ವಾರ್ಡಿಗೆ ಹೆಚ್ಚು ಅಂಕ! ಇದನ್ನ ತೂಕ ಬದಲಿಸಿ ಸರಿಮಾಡೋಕೆ ಆಗೋದಿಲ್ಲ. ಕೆರೆಯ ಗಡಿಯನ್ನ ಉಪಗ್ರಹ ಚಿತ್ರದಿಂದ ಎಳೆಯಬೇಡ, ಕಂದಾಯದ ಗ್ರಾಮನಕ್ಷೆಯಿಂದ ತಗೋ. ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆ್ಯಪ್ ಇದೆ, ರಾಜ್ಯ ದೂರಸಂವೇದಿ ಕೇಂದ್ರದವರು ಮಾಡಿದ್ದು. ಆ ಗಡಿಯೊಳಗಿನ ಪಿಕ್ಸೆಲ್‌ಗಳನ್ನ ತೆರೆದ ನೀರು, ಕಳೆ, ಒಣನೆಲ, ಕಟ್ಟಡ ಅಂತ ವಿಂಗಡಿಸು. ಮುಂಗಾರಿಗೆ ಮುಂಚಿನದು, ಆಮೇಲಿನದು ಎರಡೂ ಮಾಡು. ಕೆರೆ ಆಗ ಹಸಿರಿನ ಲೆಕ್ಕದಿಂದ ಹೊರಗೆ ಬಂದು, ಊರಿನ ಕೊಳಚೆ ಎಲ್ಲಿಗೆ ಸೇರ್ತಿದೆ ಅನ್ನೋದಕ್ಕೆ ಸಾಕ್ಷಿ ಆಗ್ತದೆ. ಕೆಲಗೇರಿ, ತೋಳನಕೆರೆ, ಸಾಧನಕೆರೆಗಳಿಗೂ ಹೀಗೇ ಮಾಡು.

ವಿಶ್ವವಿದ್ಯಾಲಯದ ವಾರ್ಡುಗಳ ವಿಷಯ ಬೇಗ ಹೇಳಿ ಮುಗಿಸ್ತೀನಿ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಊರುಗಳ ಬಗ್ಗೆ ಇರೋ 11ನೇ ಗುರಿಯಲ್ಲಿ 11.7.1 ಅನ್ನೋ ಸೂಚಕ ಕೇಳೋದು ಎಲ್ಲರಿಗೂ ತೆರೆದಿರೋ ಸಾರ್ವಜನಿಕ ಜಾಗವನ್ನ, ಅದು 400 ಮೀಟರ್ ನಡಿಗೆಯಲ್ಲಿ ಎಷ್ಟು ಜನಕ್ಕೆ ಸಿಗ್ತದೆ ಅನ್ನೋದನ್ನ. ಕೃಷಿ ವಿಶ್ವವಿದ್ಯಾಲಯದ ಪ್ರಯೋಗದ ಹೊಲ ಹಸಿರೇನೋ ಹೌದು, ಅಲ್ಲಿ ಮಕ್ಕಳು ಚೆಂಡಾಟ ಆಡೋಕೆ ಬರೋದಿಲ್ಲ. ಮರದ ಹೊದಿಕೆ ಒಂದು ಲೇಯರು, ಸಾರ್ವಜನಿಕ ಬಯಲು ಇನ್ನೊಂದು. ಕೂಡಿಸಬೇಡ.

ಇನ್ನು 500 ಮೀಟರಿನ ವೃತ್ತ. ಅಂತರ ಸರಿಯಾಗೇ ಹಿಡಿದೀಯ. ಅದೇ ಗುರಿಯ ಸಾರಿಗೆ ಸೂಚಕ 11.2.1ರ ವಿವರಣೆಯಲ್ಲಿ ಬಸ್ಸು, ಬಿಆರ್‌ಟಿಎಸ್‌ಗೆ 500 ಮೀಟರು, ರೈಲು, ಮೆಟ್ರೋಗೆ 1 ಕಿಲೋಮೀಟರು ಅಂತ ಇದೆ. ಆದರೆ ಅದು ರಸ್ತೆ ಹಿಡಿದು ನಡೆಯೋ ದೂರ, ಹಕ್ಕಿ ಹಾರೋ ದೂರ ಅಲ್ಲ. 500 ಮೀಟರ್ ತ್ರಿಜ್ಯದ ವೃತ್ತ ಅಂದರೆ 78.5 ಹೆಕ್ಟೇರು. ರಸ್ತೆಗಳು ಚದುರಂಗದ ಮನೆಯಂಗೆ ಅಚ್ಚುಕಟ್ಟಾಗಿ ಅಡ್ಡ-ಉದ್ದ ಇದ್ದಾಗಲೂ ನಡೆದು ಮುಟ್ಟೋಕೆ ಆಗೋದು ಅದರಲ್ಲಿ 50 ಹೆಕ್ಟೇರು ಮಾತ್ರ. ಲೆಕ್ಕ ಹಾಕಿ ನೋಡು, ಎರಡನ್ನ ಪೈಯಿಂದ ಭಾಗಿಸಿದರೆ ಬರೋ 64 ಪ್ರತಿಶತ. ನಮ್ಮಲ್ಲಿ ಅಷ್ಟೂ ಸಿಗೋದಿಲ್ಲ. ಚಿಗರಿ ಬಸ್ಸಿನ ದಾರಿ ಸುಮಾರು 22 ಕಿಲೋಮೀಟರು, ನಿಲ್ದಾಣಗಳು ಪಿ.ಬಿ. ರಸ್ತೆಯ ನಟ್ಟನಡುವೆ. ದಾಟೋಕೆ ಜಾಗ ಎಲ್ಲಿದೆಯೋ ಅಲ್ಲಿಗೆ ಹೋಗಿ ಬರಬೇಕು. ನವನಗರದ ಒಳಗಿನ ಮನೆ ವೃತ್ತದ ಒಳಗಿದ್ದೂ ನಡಿಗೆಯಲ್ಲಿ ಹೊರಗೆ ಬೀಳಬಹುದು. ಹುಬ್ಬಳ್ಳಿಯಲ್ಲಿ ರೈಲು ಹಳಿ ಎಷ್ಟು ಓಣಿಗಳನ್ನ ಅಡ್ಡ ಕತ್ತರಿಸಿದೆ ಅನ್ನೋದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಕ್ಯೂಜಿಐಎಸ್‌ನ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಸರ್ವಿಸ್ ಏರಿಯಾ (ರಸ್ತೆ ಹಿಡಿದು ಇಷ್ಟು ದೂರದಲ್ಲಿ ಮುಟ್ಟೋ ಜಾಗ) ಅಂತ ಇದೆ, ಅದನ್ನ ಓಡಿಸು. ಬಿಂದುವನ್ನ ನಿಲ್ದಾಣದ ನಡುವಿಗೆ ಇಡದೆ ಒಳಹೋಗೋ ಬಾಗಿಲಿಗೆ ಇಡು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಸಣ್ಣ ಸಂದಿಗಳು ಎಷ್ಟೋ ಕಡೆ ಇಲ್ಲ, ಅವನ್ನ ನೀನೇ ಎಳೆದು ಅಲ್ಲಿಗೇ ಸೇರಿಸಿದರೆ ಮುಂದಿನವರಿಗೂ ಉಪಯೋಗ.

ವಿಸ್ತೀರ್ಣ ಲೆಕ್ಕ ಹಾಕುವಾಗ ಪ್ರೊಜೆಕ್ಷನ್ (ಗುಂಡಗಿನ ಭೂಮಿಯನ್ನ ಚಪ್ಪಟೆ ನಕ್ಷೆಗೆ ಇಳಿಸೋ ರೀತಿ) ಯಾವುದಿದೆ ನೋಡಿಕೋ. ಆನ್‌ಲೈನ್ ಬೇಸ್‌ಮ್ಯಾಪಿನ ವೆಬ್ ಮರ್ಕೇಟರ್ ಹಾಗೇ ಬಿಟ್ಟು ಸಮತಲದ ಲೆಕ್ಕ ಹಾಕಿದರೆ ನಮ್ಮ ಅಕ್ಷಾಂಶದಲ್ಲಿ 7-8 ಪ್ರತಿಶತ ಜಾಸ್ತಿ ಬರ್ತದೆ. ಯುಟಿಎಂ 43 ಉತ್ತರ ವಲಯ, ಇಪಿಎಸ್‌ಜಿ ಕೋಡ್ 32643 ಹಾಕು. ಧಾರವಾಡ ಹೆಚ್ಚುಕಡಿಮೆ 75 ಡಿಗ್ರಿ ರೇಖಾಂಶದ ಮೇಲೇ ಕೂತಿದೆ, ಅದೇ ಆ ವಲಯದ ನಡುರೇಖೆ. ನಮ್ಮೂರಿಗೆ ಅದಕ್ಕಿಂತ ಒಪ್ಪುವ ವಲಯ ಇಲ್ಲ.

ಕೊನೆಗೆ ನೀನು ಕೇಳಿದ ಮುಖ್ಯ ಮಾತು, ಅಂಕ ಕೂಡಿಸೋದು. ಒಂದು ವಾರ್ಡಿಗೆ ಹಸಿರು 0.9, ನೀರು 0.1 ಅಂತಿಟ್ಟುಕೋ. ಇನ್ನೊಂದಕ್ಕೆ ಎರಡೂ 0.5. ಸರಾಸರಿ ಎರಡಕ್ಕೂ 0.5. ಮೊದಲನೇ ವಾರ್ಡಿನ ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರ್ ಕಾಯ್ತಾ ನಿಂತಿದ್ದಾರೆ, ನಿನ್ನ ನಕ್ಷೆಯಲ್ಲಿ ಆ ವಾರ್ಡು ಮಧ್ಯಮ ಬಣ್ಣದಲ್ಲಿ ಸುಖವಾಗಿದೆ. ಬಾಯಾರಿಕೆಯನ್ನ ಮರ ತೀರಿಸೋದಿಲ್ಲ. ಹಾಗಾಗಿ ಕೂಡಿಸಬೇಡ. ಪ್ರತಿಯೊಂದಕ್ಕೂ ಒಂದು ಕನಿಷ್ಠ ಮಟ್ಟ ಇಟ್ಟುಕೊಂಡು, ಅದಕ್ಕಿಂತ ಕೆಳಗಿರೋ ಕಡೆಗಳನ್ನ ಬೇರೆಬೇರೆ ನಕ್ಷೆಯಲ್ಲಿ ತೋರಿಸು. ಯಾವ ಓಣಿಯಲ್ಲಿ ಏನು ಕೊರತೆ ಅನ್ನೋದನ್ನ ಹೇಳೋ ನಕ್ಷೆ ಹಿಡಿದು ಪಾಲಿಕೆಗೆ ಹೋಗಿ ಕೇಳಬಹುದು. 37ನೇ ರ‍್ಯಾಂಕು ಅಂತ ಹಿಡಿದು ಹೋಗಿ ಏನು ಕೇಳ್ತೀಯ?

ಉತ್ತರ: ಹಳೇಹುಬ್ಬಳ್ಳಿ_ನೀರು

ಮ್ಯಾಲಿನ ಅಣ್ಣಾರು ಹೇಳಿದ್ದು ಖರೇ ಐತ್ರಿ. ನೀರಿನ ಬಗ್ಗೆ ಒಂದು ಮಾತು ನಾನೂ ಸೇರಸ್ತೀನಿ, ಅದರಾಗ ಕೆಲಸ ಮಾಡಿದಾಂವ ನಾನು.

ನಮ್ಮ ಊರಾಗ ನೀರು ಬರೂದು ಯಾವ ವಾರ್ಡು ಅನ್ನೂದರ ಮ್ಯಾಲೆ ಅಲ್ಲ, ಯಾವ ಟಾಕಿಯಿಂದ ಬರತೈತಿ ಅನ್ನೂದರ ಮ್ಯಾಲೆ. ಒಂದು ಓವರ್‌ಹೆಡ್ ಟ್ಯಾಂಕು ಎರಡು ಮೂರು ವಾರ್ಡಿಗೆ ಕೊಡತೈತಿ, ಒಂದ ವಾರ್ಡಿನ್ಯಾಗ ಎರಡು ಟಾಕಿ ನೀರು ಇರತೈತಿ. 2008ರಾಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಊರಿನ ಒಂದಿಷ್ಟು ಭಾಗಕ್ಕ ವಿಶ್ವಬ್ಯಾಂಕ್ ಸಾಲದ ಯೋಜನೆಯಾಗ ದಿನದ 24 ತಾಸು ನೀರು ಕೊಟ್ಟರು. ಆ ವಲಯದ ಗಡಿ ವಾರ್ಡಿನ ಗಡಿ ಅಲ್ಲರಿ. ಹಂಗಾಗಿ ಒಂದ ವಾರ್ಡಿನ್ಯಾಗ, ಈ ಓಣ್ಯಾಗ ನಳ ಯಾವಾಗ ತಿರುವಿದರೂ ನೀರು, ಆ ಓಣ್ಯಾಗ ವಾರಗಟ್ಟಲೆ ಕಾಯೂದು ಅನ್ನೂ ಪರಿಸ್ಥಿತಿ ಆತು. ವಾರ್ಡಿನ ಸರಾಸರಿ ತಗೊಂಡರ ಎರಡೂ ಓಣಿ ಸುಳ್ಳ ಆಗತಾವ.

ತಂಗಿ, ನೀ ಕಾಗದದಾಗ ಹುಡುಕಬ್ಯಾಡ. ನೀರು ಬಿಡೂ ವಾಲ್ವ್‌ಮನ್‌ಗಳನ್ನ ಹೋಗಿ ಕೇಳು. ಯಾವ ವಾಲ್ವು ತಿರುವಿದರ ಯಾವ ಓಣಿಗೆ ನೀರು, ಎಷ್ಟು ತಾಸು, ಎಷ್ಟು ದಿನಕ್ಕೊಮ್ಮೆ, ಎತ್ತರದ ಮನಿಗೆ ಯಾಕ ಏರೂದಿಲ್ಲ, ಎಲ್ಲಾ ಅವರ ತಲಿಯಾಗ ಐತಿ. ಮೊಬೈಲಿನ್ಯಾಗ ಜಿಪಿಎಸ್ ಹಾಕ್ಕೊಂಡು ಅವರ ಸೈಕಲ್ ಹಿಂದ ತಿರುಗಾಡಿದರ ವಲಯದ ಗಡಿ ತಾನ ಸಿಗತೈತಿ.

ಇನ್ನೊಂದು. ಮಲಪ್ರಭಾದ ನೀರು ಸವದತ್ತಿ ಕಡಿಯಿಂದ ಪಂಪ್ ಮಾಡಿ ತರೂದು, ನೀರಸಾಗರದ್ದು ಬ್ಯಾರೆ. ಆ ಪಂಪಿಗೆ ಹತ್ತೂ ಕರೆಂಟು ಸುಸ್ಥಿರತಾ ಲೆಕ್ಕದಾಗ ಬರಬೇಕಲ್ಲ? ನಳ ಇದ್ದರ ಸಾಕು ಅಂತ ಒಂದು ಅಂಕ ಕೊಟ್ಟು ಬಿಡಬ್ಯಾಡ. ಮತ್ತ ಹರದು ಹ್ವಾದ ನೀರು ಎಲ್ಲಿಗೆ ಹೋಗತೈತಿ ಅನ್ನೂದೂ ನೋಡು. ಧಾರವಾಡ ಕೂತಿದ್ದು ದಿಬ್ಬದ ಮ್ಯಾಲೆ. ಒಂದು ಬದಿ ಬಿದ್ದ ಮಳಿ ಶಾಲ್ಮಲಾ ಹಿಡದು ಬೇಡ್ತಿಗೆ ಸೇರಿ ಪಶ್ಚಿಮಕ್ಕ ಅರಬ್ಬೀ ಸಮುದ್ರಕ್ಕ. ಇನ್ನೊಂದು ಬದಿದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡದು ಮಲಪ್ರಭಾಕ್ಕ, ಅಲ್ಲಿಂದ ಕೃಷ್ಣಾಕ್ಕ, ಪೂರ್ವಕ್ಕ. ಚರಂಡಿ, ಪ್ರವಾಹದ ಲೆಕ್ಕಕ್ಕ ವಾರ್ಡಿನ ಗಡಿ ಬಿಟ್ಟು ಹಳ್ಳದ ಜಲಾನಯನದ ಗಡಿ ಹಿಡಿ. ಇಸ್ರೋದವರ ಭುವನ್ ತಾಣದಾಗ ಕಾರ್ಟೋಸ್ಯಾಟ್ ಉಪಗ್ರಹದ ಎತ್ತರದ ಮಾದರಿ ಪುಕ್ಕಟೆ ಸಿಗತೈತಿ.

ಉತ್ತರ: ಬೆಂಗಳೂರು_ಪ್ಲಾನಿಂಗ್

ಹಿರಿಯರ ಉತ್ತರದಿಂದ ತುಂಬಾ ಕಲಿತೆ. ಆದರೆ ಸೂಚ್ಯಂಕ ಬೇಡವೇ ಬೇಡ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಬೆಂಗಳೂರಿನಲ್ಲಿ ಸಾರಿಗೆ ಯೋಜನೆಯ ಕೆಲಸದಲ್ಲಿದ್ದೇನೆ. ಹತ್ತು ನಕ್ಷೆಗಳನ್ನು ಮೇಜಿನ ಮೇಲೆ ಹರಡಿದರೆ ಅಧಿಕಾರಿಗಳು ಒಂದನ್ನೂ ನೋಡುವುದಿಲ್ಲ. ಒಂದು ಸಂಖ್ಯೆ, ಒಂದು ಪಟ್ಟಿ ಇದ್ದರೆ ಕನಿಷ್ಠ ಚರ್ಚೆ ಶುರುವಾಗುತ್ತದೆ. ಕೇಂದ್ರದವರು ನಗರಗಳಿಗೆ ರ‍್ಯಾಂಕು ಕೊಡುವುದೂ ಅದಕ್ಕೇ. ವಿದ್ಯಾರ್ಥಿನಿಯ ಗೈಡ್ ಹೇಳಿದ್ದರಲ್ಲಿ ಅರ್ಥವಿದೆ. ಬೇಕಾದರೆ ಸರಾಸರಿಯ ಬದಲು ಗುಣಾಕಾರದ ಸರಾಸರಿ (ಅಂಕಗಳನ್ನು ಕೂಡಿಸದೆ ಗುಣಿಸಿ ಮೂಲ ತೆಗೆಯುವುದು) ಬಳಸಿ, ಒಂದರಲ್ಲಿ ತೀರಾ ಕಡಿಮೆ ಇದ್ದರೆ ಒಟ್ಟು ಅಂಕವೂ ಕುಸಿಯುತ್ತದೆ.

ವಾರ್ಡು ಗಡಿಯ ಸಮಸ್ಯೆ ನಮ್ಮಲ್ಲಿ ಇನ್ನೂ ದೊಡ್ಡದು. 2011ರ ಜನಗಣತಿ 198 ವಾರ್ಡುಗಳದ್ದು, ಆಮೇಲೆ ಮರುವಿಂಗಡಣೆಗಳಾದವು, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆಗಳಾದವು. ನಿಮ್ಮಲ್ಲೂ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿದೆ, ಗಡಿ ಮತ್ತೆ ಬದಲಾಗುತ್ತದೆ. ಹಾಗಾಗಿ ವಾರ್ಡನ್ನು ನೆಚ್ಚಿಕೊಳ್ಳದೆ 100 ಅಥವಾ 200 ಮೀಟರಿನ ಚೌಕಗಳಲ್ಲಿ ಕೆಲಸ ಮಾಡಿ, ಕೊನೆಗೆ ಯಾವ ಗಡಿ ಬೇಕೋ ಅದಕ್ಕೆ ಒಟ್ಟುಗೂಡಿಸಿ. ಹಳೆಯ ವಾರ್ಡಿನ ಜನಸಂಖ್ಯೆಯನ್ನು ಕಟ್ಟಡಗಳ ಮೇಲೆ ಹಂಚಬಹುದು. ಗೂಗಲ್ ಓಪನ್ ಬಿಲ್ಡಿಂಗ್ಸ್‌ನಲ್ಲಿ ಕಟ್ಟಡಗಳ ಆಕಾರ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ವಾರ್ಡು ಗಡಿಗಳಿಗೆ ಓಪನ್‌ಸಿಟಿ ತಾಣ, ಡೇಟಾಮೀಟ್ ಬಳಗದವರ ಸಂಗ್ರಹ ನೋಡಿ.

ಉತ್ತರ: ಸರಪಳಿ_ಸರ್ವೆ

ಬೆಂಗಳೂರಿನವರು ಚೌಕದ ಮಾತು ಹೇಳಿದ್ದು ಬಂಗಾರದಂಥ ಸಲಹೆ. ತಂಗಿ, ಹಾಗೇ ಮಾಡು. ಒಂದು ಎಚ್ಚರಿಕೆ ಮಾತ್ರ: ಛಾವಣಿ ದೊಡ್ಡದಿದ್ದಲ್ಲಿ ಜನ ಜಾಸ್ತಿ ಅಂತ ಹಂಚಿದರೆ ಅಮರಗೋಳದ ಎಪಿಎಂಸಿ ಗೋದಾಮುಗಳಲ್ಲಿ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಸಾವಿರಾರು ಜನ ವಾಸ ಮಾಡ್ತಾರೆ ಅಂತ ಬರ್ತದೆ. ಮೊದಲು ಅವನ್ನ ಕೈಯಾರೆ ತೆಗೆದುಹಾಕು. ಸಿದ್ಧವಾಗಿ ಸಿಗೋ ವರ್ಲ್ಡ್‌ಪಾಪ್, ಜಿಎಚ್‌ಎಸ್‌ಎಲ್ ಜನಸಂಖ್ಯಾ ಚೌಕಗಳನ್ನ ಬಳಸೋದಾದರೂ ನೆನಪಿಡು: ಅವರೂ ಜನಗಣತಿಯನ್ನ ಬಹುಮಟ್ಟಿಗೆ ಕಟ್ಟಡಗಳನ್ನ ನೋಡಿ ಹಂಚಿದವರು. ಅದನ್ನ ತಂದು, ಕಟ್ಟಡಕ್ಕೂ ಜನಸಾಂದ್ರತೆಗೂ ಎಂಥಾ ಸಂಬಂಧ ಇದೆ ನೋಡಿ ಅಂತ ಗ್ರಾಫ್ ಹಾಕಿದರೆ, ಅವರು ಹಾಕಿದ್ದನ್ನೇ ನೀನು ವಾಪಸ್ ತೆಗೆದಂಗೆ.

ಒಂದು ಸಂಖ್ಯೆ ಬೇಕು ಅನ್ನೋ ಮಾತಿಗೆ ಬರ್ತೀನಿ. ಗುಣಾಕಾರದ ಸರಾಸರಿ ಸಾದಾ ಸರಾಸರಿಗಿಂತ ಮೇಲು, ಅದನ್ನ ಒಪ್ಪಿದೆ. ಆದರೂ ಅಂಕ ಕಡಿಮೆ ಯಾಕೆ ಬಂತು ಅನ್ನೋದು ಅದರಲ್ಲಿ ಕಾಣೋದಿಲ್ಲ, ಮತ್ತೆ ಹತ್ತು ನಕ್ಷೆಗೇ ಬರಬೇಕು. ಎಎಚ್‌ಪಿಯಲ್ಲಿ ತೂಕ ಕೊಟ್ಟವರು ಯಾರು? ಪ್ರಬಂಧಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಜನ ತಜ್ಞರು ಅಂತ ಬರೆದಿರ್ತಾರೆ. ಹಸಿರು ಮುಖ್ಯವೋ ಬಸ್ಸು ಮುಖ್ಯವೋ ಅಂತ ದುರ್ಗದಬೈಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯನ್ನ ಯಾರೂ ಕೇಳಿರೋದಿಲ್ಲ. ಬೆಳಗಿನ ಜಾವ ಹಳ್ಳಿಯಿಂದ ಬಸ್ಸು ಹತ್ತಿ ಬರೋಳು ಅವಳು, ಅವಳ ತೂಕ ಬೇರೆ.

ಮೇಜಿನ ಮೇಲೆ ಒಂದೇ ಸಂಖ್ಯೆ ಇಡಲೇಬೇಕು ಅಂದರೆ ಅರ್ಥ ಇರೋ ಸಂಖ್ಯೆ ಇಡೋಣ. 11.3.1 ಸೂಚಕ ನೋಡು: ಊರು ಜಮೀನು ನುಂಗೋ ವೇಗವನ್ನ ಜನ ಬೆಳೆಯೋ ವೇಗದಿಂದ ಭಾಗಿಸೋದು. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2001ರಲ್ಲಿ 7.86 ಲಕ್ಷ, 2011ರಲ್ಲಿ 9.43 ಲಕ್ಷ. ಸೂತ್ರದ ಪ್ರಕಾರ ವರ್ಷಕ್ಕೆ ಸುಮಾರು 1.8 ಪ್ರತಿಶತ ಬೆಳವಣಿಗೆ. ಇನ್ನು ಅದೇ ಎರಡು ವರ್ಷಗಳ ಕಟ್ಟಡ ಪ್ರದೇಶ ನೀನು ತೆಗೀಬೇಕು. ಉತ್ತರ 1ಕ್ಕಿಂತ ಮೇಲೆ ಬಂದರೆ ಜನಕ್ಕಿಂತ ಬೇಗ ಲೇಔಟು ಹರಡಿದೆ ಅಂತ ಅರ್ಥ. ಅದು ಯಾರಿಗೂ ತಿಳಿಯೋ ಮಾತು, ಎರೆಹೊಲ ಕಳಕೊಂಡ ರೈತನಿಗೂ ತಿಳೀತದೆ. ಚಿತ್ರ ಆರಿಸುವಾಗ 2001ಕ್ಕೆ ಲ್ಯಾಂಡ್‌ಸ್ಯಾಟ್ 7 ನಡೀತದೆ, 2011ಕ್ಕೆ ಅದು ಬೇಡ. 2003ರ ಮೇ ತಿಂಗಳಲ್ಲಿ ಅದರ ಒಂದು ಭಾಗ ಕೆಟ್ಟಿತು, ಆಮೇಲಿನ ಚಿತ್ರಗಳಲ್ಲೆಲ್ಲ ಪಟ್ಟೆಪಟ್ಟೆಯಾಗಿ ಖಾಲಿ. 2011ಕ್ಕೆ ಲ್ಯಾಂಡ್‌ಸ್ಯಾಟ್ 5 ತಗೋ. ಎರಡೂ ವರ್ಷಕ್ಕೆ ಅದೇ ಪಾಲಿಕೆ ಗಡಿ ಇರಲಿ.

ಗಾಳಿಯ ನಕ್ಷೆ ಮಾಡೋ ಯೋಚನೆ ಇದ್ದರೆ ಈಗಲೇ ಹೇಳ್ತೀನಿ, ಬೇಡ. ಕೇಂದ್ರದ ಶುದ್ಧಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಅವಳಿ ನಗರ ಇದೆ, ಚಿಂತೆ ಮಾಡಬೇಕಾದ ವಿಷಯವೇ. ಆದರೆ ಅಳೆಯೋ ಕೇಂದ್ರಗಳು ಬೆರಳೆಣಿಕೆಯಷ್ಟು. ಅಷ್ಟು ಬಿಂದುಗಳಿಂದ ಇಂಟರ್‌ಪೊಲೇಷನ್ (ನಡುವಿನ ಜಾಗಕ್ಕೆ ಅಂದಾಜು ಹಾಕೋದು) ಮಾಡಿ 82 ವಾರ್ಡಿಗೆ ಬಣ್ಣ ಹಚ್ಚಿದರೆ ಅದು ಚಿತ್ರ ಆಗ್ತದೆ, ಅಳತೆ ಆಗೋದಿಲ್ಲ.

ಮರುಪ್ರಶ್ನೆ: ಭೂಗೋಳದ_ವಿದ್ಯಾರ್ಥಿನಿ

ಸರ್, ಕಾಕಾ, ಬೆಂಗಳೂರಿನ ಸರ್, ಎಲ್ಲರಿಗೂ ಹೃದಯದಿಂದ ಧನ್ಯವಾದ. ಈ ಎಲ್ಲವನ್ನೂ ಪ್ರಿಂಟ್ ತೆಗೆದು ಗೈಡ್‌ಗೆ ತೋರಿಸಿದೆ. ಸೂಚ್ಯಂಕವನ್ನು ಪೂರ್ತಿ ಬಿಡಲು ಅವರು ಒಪ್ಪಲಿಲ್ಲ, ಆದರೆ ಅದನ್ನು ಒಂದು ಅಧ್ಯಾಯಕ್ಕೆ ಇಳಿಸಿ, ಕೊರತೆಯ ನಕ್ಷೆಗಳನ್ನು ಮುಖ್ಯ ಮಾಡಲು ಒಪ್ಪಿದ್ದಾರೆ. ನಡಿಗೆಯ ದೂರದಲ್ಲಿ ಬಸ್ಸು, ಟಾಕಿವಾರು ನೀರು, ಸಾರ್ವಜನಿಕ ಬಯಲು, ಕೆರೆಗಳ ಸ್ಥಿತಿ, ರಾತ್ರಿಯ ಬಿಸಿ, ಈ ಐದನ್ನು 100 ಮೀಟರ್ ಚೌಕದಲ್ಲಿ ಮಾಡುತ್ತೇನೆ. 11.3.1 ಇಡೀ ಊರಿಗೆ ಒಂದೇ ಸಂಖ್ಯೆ.

ಒಂದೇ ಸಂದೇಹ ಉಳಿದಿದೆ. ಊರು ದೊಡ್ಡದು, ನಾನೊಬ್ಬಳೇ. ಎಲ್ಲ ಚೌಕಗಳಿಗೂ ಹೋಗಿ ನೋಡಲು ಸಾಧ್ಯವಿಲ್ಲ. ಕ್ಷೇತ್ರ ಪರಿಶೀಲನೆಗೆ ಜಾಗಗಳನ್ನು ಹೇಗೆ ಆರಿಸಲಿ? ರ‍್ಯಾಂಡಮ್ ಬಿಂದುಗಳನ್ನು ಹಾಕಿದರೆ ಸಾಕೇ?

ಉತ್ತರ: ಸರಪಳಿ_ಸರ್ವೆ

ವರ್ಗೀಕರಣದ ನಿಖರತೆ ತೋರಿಸೋಕೆ ರ‍್ಯಾಂಡಮ್ ಬಿಂದು ಬೇಕೇ ಬೇಕು, ಪರೀಕ್ಷಕರು ಕೇಳ್ತಾರೆ. ಪ್ರತಿ ವರ್ಗಕ್ಕೂ ಸಾಕಷ್ಟು ಬಿಂದು ಬೀಳೋ ಹಾಗೆ ವರ್ಗವಾರು ಹಂಚಿ ಹಾಕು, ಇಲ್ಲದಿದ್ದರೆ ಎಲ್ಲಾ ಬಿಂದು ಹೊಲಕ್ಕೇ ಬೀಳ್ತವೆ. ಅದರಲ್ಲಿ ಅರ್ಧ ಕೆಲಸ ಹೆಚ್ಚು ಸ್ಪಷ್ಟತೆಯ ಗೂಗಲ್ ಅರ್ಥ್ ಚಿತ್ರದಲ್ಲೇ ಮುಗೀತದೆ.

ನಡೆದು ಹೋಗೋ ಸಮಯವನ್ನ ಬೇರೆ ಕಡೆಗೆ ಉಳಿಸಿಕೋ. ನಿನ್ನ ವೃತ್ತದ ಬಫರನ್ನೂ ಹೊಸ ಸರ್ವಿಸ್ ಏರಿಯಾವನ್ನೂ ಒಂದರ ಮೇಲೊಂದು ಹಾಕಿ, ವೃತ್ತದ ಒಳಗಿದ್ದು ನಡಿಗೆಯ ಹೊರಗೆ ಬಿದ್ದ ಚೌಕಗಳನ್ನ ತೆಗೆ. ಅದರಲ್ಲಿ ಜನ ಹೆಚ್ಚಿರೋವನ್ನ ಮೊದಲಿಗೆ ಇಟ್ಟುಕೋ. ಎನ್‌ಡಿವಿಐ ಹಸಿರು ಅನ್ನುತ್ತಿದ್ದು, ಉದ್ಯಾನದ ಲೇಯರಿನಲ್ಲಿ ಏನೂ ಇಲ್ಲದ ಕಡೆಗಳನ್ನೂ ತೆಗೆ. ಬಳ್ಳಾರಿ ಜಾಲಿ ಬೆಳೆದ ಖಾಲಿ ಸೈಟು ಇರಬಹುದು, ಯಾರಿಗೂ ಗೊತ್ತಿಲ್ಲದ ಒಳ್ಳೆ ಬಯಲೂ ಇರಬಹುದು. ಎರಡು ನಕ್ಷೆ ಜಗಳ ಆಡೋ ಜಾಗಕ್ಕೆ ಹೋದರೆ ಪ್ರತಿ ಸಲವೂ ಏನಾದರೂ ಗೊತ್ತಾಗ್ತದೆ. ಎರಡೂ ಒಪ್ಪಿರೋ ಕಡೆ ಹೋಗಿ ನೋಡೋದು ಆಮೇಲೆ.

ಹೋಗುವಾಗ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡು ಹೋಗು, ನಿನ್ನ ಕ್ಯೂಜಿಐಎಸ್ ಪ್ರಾಜೆಕ್ಟು ಹಾಗೇ ಮೊಬೈಲಿನಲ್ಲಿ ತೆರೀತದೆ, ನೆಟ್ ಇಲ್ಲದಿದ್ದರೂ ನಡೀತದೆ. ಬೆಳಗ್ಗೆ ಒಂದು ಸಲ, ಕತ್ತಲಾದ ಮೇಲೆ ಜೊತೆಗೆ ಯಾರನ್ನಾದರೂ ಕರಕೊಂಡು ಇನ್ನೊಂದು ಸಲ ಅದೇ ದಾರಿ ನಡಿ. ಬೀದಿದೀಪ ಇಲ್ಲದ 300 ಮೀಟರು ಹೆಣ್ಣುಮಕ್ಕಳಿಗೆ 300 ಮೀಟರಾಗಿ ಉಳಿಯೋದಿಲ್ಲ. ಅಂಥ ತುಂಡುಗಳನ್ನ ರಸ್ತೆಯ ಲೇಯರಿನಲ್ಲಿ ಬೇರೆ ಕಾಲಂ ಮಾಡಿ ಗುರುತು ಹಾಕಿಕೋ, ರಾತ್ರಿಯ ಸರ್ವಿಸ್ ಏರಿಯಾ ಅಂತ ಅವನ್ನ ಬಿಟ್ಟು ಇನ್ನೊಂದು ಸಲ ಓಡಿಸಬಹುದು. ನವನಗರ, ಭೈರಿದೇವರಕೊಪ್ಪ, ರಾಯಾಪುರ ನಿಲ್ದಾಣಗಳಿಂದ ಶುರು ಮಾಡು. ರಸ್ತೆಯ ಲೇಯರು ಸಿದ್ಧವಾದ ಮೇಲೆ ಇಲ್ಲೇ ಹಾಕು, ಆ ಕಡೆಯ ಲೇಔಟುಗಳ ಒಳದಾರಿಗಳಲ್ಲಿ ಏನು ಬಿಟ್ಟುಹೋಗಿದೆ ಅಂತ ನಾನು ನೋಡಿ ಸೇರಿಸಿ ಕೊಡ್ತೀನಿ.